ಕ್ಷಮೆಯ ಪದಕ್ಕೆ ಹಳೆಯ ಧಾಟಿ

ಕವಿ ಇಸಾರ್ನನಿಗೆ ದೊರೆಯ ಕೋಟೆಯ ಬಾಗಿಲು ಮುಚ್ಚಿಸಿದವನು ನಾನೇ ಎಂದು ಕಾಓರ್ ಪೇಟೆಯ ಮಂದಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಕವಿ ಕಟ್ಟಿದ್ದು ಚೆನ್ನಾಗಿತ್ತಂತೆ, ಈ ಪೊನ್ಸ್ ಹಾಡಿ ಕೆಡಿಸಿದನಂತೆ. ಕಟ್ಟಿದವನಿಗೆ ಹೆಸರು, ಹೊತ್ತು ತಿರುಗಿದವನಿಗೆ ಬೈಗುಳ. ಹನ್ನೊಂದು ವರ್ಷ ಅವನ ಪದಗಳನ್ನು ಬಾಯಲ್ಲಿಟ್ಟುಕೊಂಡು ಊರೂರು ಅಲೆದವನು ನಾನು. ಆಡಿಕೊಳ್ಳುವವರಲ್ಲಿ ಒಬ್ಬನಾದರೂ ಒಂದು ಪದ್ಯ ನೆಟ್ಟಗೆ ಒಪ್ಪಿಸಲಿ, ನೋಡೋಣ.

ಇಸಾರ್ನ್ ಚರ್ಮ ಹದಮಾಡುವವನ ಮಗ. ಮಠದಲ್ಲಿ ಅಕ್ಷರ ಕಲಿತು, ಪಾದ್ರಿಯಾಗದೆ ಓಡಿಬಂದ. ಒಂದು ಪ್ರಾಸಕ್ಕಾಗಿ ಮೂರು ದಿನ ಊಟ ಬಿಡುತ್ತಿದ್ದ. ದೊರೆ ಗೌಸೆರಾನ್ ಪ್ರತಿ ಚಳಿಗಾಲಕ್ಕೂ ತನ್ನ ಕೋಟೆಯಲ್ಲಿ ಒಲೆಯ ಪಕ್ಕ ಜಾಗ ಕೊಡುತ್ತಿದ್ದ. ನಾಲಗೆ ಸುಮ್ಮನಿರಬೇಕಲ್ಲ, ತುಂಬಿದ ಪಂಕ್ತಿಯಲ್ಲಿ ದೊರೆಯ ದ್ರಾಕ್ಷಾರಸ ಬರೀ ನೀರು ಎಂದುಬಿಟ್ಟ. ಹೊರಬಿದ್ದ.

ಮರುವರ್ಷ ಕೆಮ್ಮಿದರೆ ರಕ್ತ ಬರತೊಡಗಿತು. ಸನ್ಯಾಸಿಗಳ ರೋಗಿಶಾಲೆಯಲ್ಲಿ ಹುಲ್ಲಿನ ಮೇಲೆ ಮಲಗಿ, ಕ್ಷಮೆ ಕೇಳುವ ಪದ ಕಟ್ಟಿ ನನಗೆ ಬಾಯಿಪಾಠ ಮಾಡಿಸಿದ.

“ಧಾಟಿ ಬದಲಾಯಿಸಿದ್ರೆ ಹಲ್ಲು ಉದುರಿಸ್ತೀನಿ, ಪೊನ್ಸ್.”

“ಏಳೋಕಾಗದೋನು ಹಲ್ಲು ಉದುರಿಸ್ತಾನಂತೆ. ಸಾರು ಕುಡಿಯೋ ಮಾರಾಯ.”

“ಹಿಮ ಬೀಳೋದ್ರೊಳಗೆ ಒಳಗೆ ಸೇರಿಸ್ಕೊಂಡ್ರೆ ಬದುಕ್ತೀನಿ ಕಣೋ.”

ಎರಡು ದಿನ ನಡೆದೆ. ಕೋಟೆಯ ಬಾಗಿಲಲ್ಲಿ ಕಾವಲಿನವನು ನಾನು ಹೊತ್ತು ತಂದ ಕ್ಷಮೆಯ ಪದದ ಧಾಟಿಯನ್ನೇ ಗುನುಗುತ್ತಿದ್ದ. ಧಾಟಿ ಇಸಾರ್ನನದೇ, ಹಳೆಯದು. ನಮ್ಮಲ್ಲಿ ಬೈಯುವ ಪದಕ್ಕೆ ಯಾರೂ ಹೊಸ ಧಾಟಿ ಕಟ್ಟುವುದಿಲ್ಲ, ಜನರ ಬಾಯಲ್ಲಿರುವುದನ್ನೇ ಎತ್ತಿಕೊಳ್ಳುತ್ತಾರೆ. ದೊರೆ ಹೆಣ್ಣುಡುಪು ತೊಟ್ಟು ಯುದ್ಧದಿಂದ ಓಡಿಬಂದ ಕತೆಯನ್ನು ಯಾರೋ ಇದಕ್ಕೆ ಕೂರಿಸಿದ್ದರು.

“ಇದನ್ನ ಒಳಗೂ ಹಾಡ್ತಾರಾ?”

“ದೊರೆ ಬೆನ್ನು ತಿರುಗಿಸಿದ್ರೆ ಸಾಕು, ಅಡುಗೆಮನೆ ಬೆಕ್ಕೂ ಹಾಡುತ್ತೆ.”

ಬೇರೆ ಧಾಟಿಗೆ ಹೊಂದಿಸಬಹುದಿತ್ತು. ಕವಿಯ ಪದ ಮುರಿದವನೆಂಬ ಹೆಸರು ಬೇಡವೆನಿಸಿತು. ಹಲ್ಲು ಉದುರಿಸುತ್ತಾನಂತೆ, ಅವನು ಹೇಳಿದಂತೆಯೇ ಹಾಡುತ್ತೇನೆ, ಅನುಭವಿಸಲಿ ಎಂಬ ಸಿಟ್ಟೂ ಇತ್ತು.

ಪಿಟೀಲಿನ ಮೇಲೆ ಮೊದಲ ಸಾಲು ಮುಗಿಯುವಷ್ಟರಲ್ಲಿ ಸಭೆಯ ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ದೊರೆಯ ಮುಖ ಕಪ್ಪಿಟ್ಟಿತು.

“ಯಾರದ್ದು ಇದು?”

“ಇಸಾರ್ನನದು, ಒಡೆಯಾ. ಕ್ಷಮೆ ಕೇಳಿ...”

“ಅವನ ಹೆಣವೂ ಈ ದಾರಿ ಹಿಡೀಬಾರದು. ನೀನೂ ನಡಿ.”

ಕ್ಷಮೆಯ ಒಂದು ಮಾತೂ ಯಾರ ಕಿವಿಗೂ ಬೀಳಲಿಲ್ಲ.

ಹಿಂತಿರುಗುವಾಗ ಹಿಮ ಶುರುವಾಗಿತ್ತು. ಇಸಾರ್ನ್ ಕೂತು ಕಾಯುತ್ತಿದ್ದ.

“ಮೂರನೇ ಪದ್ಯಕ್ಕೆ ಏನಂದ್ರು?”

“ಕಣ್ಣೊರೆಸ್ಕೊಂಡ್ರು. ಹಿಮ ನಿಂತ ಮೇಲೆ ಹೇಸರಗತ್ತೆ ಕಳಿಸ್ತಾರಂತೆ.”

ಅವನು ಸನ್ಯಾಸಿಯೊಬ್ಬನ ಕೈಲಿ ಬೂಟುಗಳಿಗೆ ಕೊಬ್ಬು ಹಚ್ಚಿಸಿ, ಪಕ್ಕದಲ್ಲಿಟ್ಟುಕೊಂಡು ಐದು ದಿನ ಕಾದ. ನಿಜವನ್ನು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುತ್ತಿದ್ದೆ. ಆರನೆಯ ದಿನ ಮಣ್ಣು ಕೊಟ್ಟೆವು. ಬಾಗಿಲಲ್ಲೇ ಆ ಧಾಟಿ ನನ್ನ ಕಿವಿಗೆ ಬಿದ್ದಿತ್ತೆಂಬ ಮಾತನ್ನು ಅವನಿಗೆ ಒಪ್ಪಿಸುವುದು ಬಾಕಿಯೇ ಉಳಿಯಿತು.