ಕುರುಬರಹಳ್ಳಿಯ ಪಾರ್ಕಿಗೆ ನಾನು ಹಾಕಿದ ಬೀಗ

ಬೆಂಗಳೂರಿನಲ್ಲಿ ಮರಗಳನ್ನೂ ಬೀಗ ಹಾಕಿ ಇಡುತ್ತಾರೆಂಬುದನ್ನು ಇಲ್ಲಿಗೆ ಬಂದ ಮರುದಿನವೇ ಕಂಡೆ. ಕುರುಬರಹಳ್ಳಿಯಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಪಾರ್ಕಿದೆ. ಮೂರು ಹೊಂಗೆ, ಎರಡು ನೇರಳೆ, ಒಂದು ಸಂಪಿಗೆ, ಸುತ್ತ ಕಬ್ಬಿಣದ ಬೇಲಿ. ನಡುಮಧ್ಯಾಹ್ನ ಒಳಗೆ ನೆರಳು ಖಾಲಿ ಬಿದ್ದಿತ್ತು. ಹೊರಗೆ ಬಿಸಿಲಿನಲ್ಲಿ ಒಬ್ಬ ಆಟೋದವನು ಬೇಲಿಗೆ ಒರಗಿ ನಿಂತು ಡಬ್ಬಿಯಿಂದ ಅನ್ನ ತಿನ್ನುತ್ತಿದ್ದ. ಗೇಟಿಗೆ ಅಂಗೈಯಗಲದ ಬೀಗ.

“ಒಳಗ ಕುಂತು ಉಣ್ಣಬಾರದೇನಪಾ?” ಎಂದೆ.

“ಹತ್ತಕ್ಕೆ ಕ್ಲೋಸು ಆಂಟಿ. ಇನ್ನು ನಾಲ್ಕಕ್ಕೇ ತೆಗೆಯೋದು,” ಎಂದು ಅವನು ತುತ್ತು ನುಂಗಿದ. “ನೀವು ಹುಬ್ಬಳ್ಳಿ ಕಡೆಯವ್ರಾ?”

“ಗದಗ.”

“ಅದೇ, ಹುಬ್ಬಳ್ಳಿ ಕಡೆ.”

ನಮ್ಮ ಗದಗಿನಲ್ಲಿ ಬೇವಿನ ಮರದ ಕೆಳಗೆ ಯಾರು ಬೇಕಾದರೂ ಟವೆಲ್ ಹಾಸಿ ಮಲಗುತ್ತಾರೆ. ನೆರಳಿಗೂ ವೇಳಾಪಟ್ಟಿ ಇರುತ್ತದೆಂದು ನಾನು ಕೇಳಿರಲಿಲ್ಲ. ಅಲ್ಲಿ ಕೂತು ಇದನ್ನು ಓದುವ ನಿಮಗೆ ಇದು ವಿಚಿತ್ರ ಅನ್ನಿಸೀತು. ನನಗೂ ಅನ್ನಿಸಿತು. ಆದರೆ ಅದರ ಹಿಂದೆಯೇ ಸ್ವಲ್ಪ ಸಮಾಧಾನವೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಸಮಯಕ್ಕೆ ತೆಗೆದು ಸಮಯಕ್ಕೆ ಮುಚ್ಚುವ ಊರಿನಲ್ಲಿ ನಾನು ಬದುಕಬಲ್ಲೆ ಎಂದುಕೊಂಡೆ.

ನಾನು ಹತ್ತನೇ ವಯಸ್ಸಿಗೆ ಹಾಸ್ಟೆಲ್ ಸೇರಿದವಳು. ಮುಂದೆ ಗದಗಿನಲ್ಲಿಯೇ ಹೆಣ್ಣುಮಕ್ಕಳ ಒಂದು ಹಾಸ್ಟೆಲಿಗೆ ಇಪ್ಪತ್ತೊಂಬತ್ತು ವರ್ಷ ವಾರ್ಡನ್ ಆಗಿದ್ದೆ. ಐದಕ್ಕೆ ಗಂಟೆ, ಐದೂವರೆಗೆ ಪ್ರಾರ್ಥನೆ, ಸಂಜೆ ಏಳಕ್ಕೆ ಹಾಜರಿ. ಮದುವೆಯಾಗಲಿಲ್ಲ. ನಿವೃತ್ತಿಯ ದಿನ ಕೀಲಿಕೈಗಳನ್ನೆಲ್ಲ ಎಣಿಸಿ ಕೊಟ್ಟೆ. ಅವನ್ನು ಪೋಣಿಸಿ ಸೊಂಟಕ್ಕೆ ಸಿಕ್ಕಿಸುತ್ತಿದ್ದ ಉಂಗುರ ಮಾತ್ರ ನನ್ನ ಸ್ವಂತದ್ದು, ಅದನ್ನು ಇಟ್ಟುಕೊಂಡೆ. ತಂಗಿ ಶಾಂತಾಳ ಮೊಣಕಾಲಿನ ಆಪರೇಷನ್ ಆದಾಗ ಅವಳ ಜೊತೆಗಿರಲು ಇಲ್ಲಿಗೆ ಬಂದೆ. ಅವಳು ನಲವತ್ತು ವರ್ಷದಿಂದ ಇಲ್ಲಿಯವಳು. ಅವಳ ಕಾಲು ನೆಟ್ಟಗಾಯಿತು, ನಾನು ಮರಳಲಿಲ್ಲ.

ಹೊಸ ಊರನ್ನು ಕಲಿಯಲು ಒಂದು ವರ್ಷ ಹಿಡಿಯಿತು. ನಾವು ಕೀಲಿ ಎನ್ನುವುದು ಇಲ್ಲಿ ಬೀಗ. ನಮ್ಮ ಓಣಿಗೆ ಹೆಸರಿದ್ದರೆ ಇಲ್ಲಿಯ ಬೀದಿಗೆ ಸಂಖ್ಯೆ: ಉದ್ದದ ರಸ್ತೆ ‘ಮೇನ್’, ಅದನ್ನು ಅಡ್ಡ ಹಾಯುವುದು ‘ಕ್ರಾಸ್’. ಸಂಖ್ಯೆ ಎಂದರೆ ನನಗೆ ಪ್ರೀತಿ. ಆದರೆ ಐದನೇ ಕ್ರಾಸ್ ಮುಗಿದ ಮೇಲೆ ಒಂಬತ್ತನೆಯದು ಬಂದಾಗ ನಡುವಿನ ಮೂರನ್ನು ಹುಡುಕಿ ಮುಕ್ಕಾಲು ಗಂಟೆ ತಿರುಗಿದೆ. ಕೊನೆಗೊಬ್ಬ ಇಸ್ತ್ರಿಯವನು, “ಆರು ಏಳು ಎಂಟು ಆ ಕಡೆ ಲೇಔಟಲ್ಲಿದಾವೆ ಅಜ್ಜಿ, ಇಲ್ಲಿಗೆ ಬಂದಿಲ್ಲ,” ಎಂದು ತಿಳಿಹೇಳಿದ. ಊಟದಲ್ಲಿ ಮುದ್ದೆಯನ್ನು ಅಗಿಯದೆ ನುಂಗುವುದು ಇಂದಿಗೂ ನನ್ನಿಂದಾಗಿಲ್ಲ. ವಿಜಯನಗರದ ಮಾರುಕಟ್ಟೆಯ ಹಿಂಬದಿಗೆ ಖಡಕ್ ರೊಟ್ಟಿ ಮಾರುವ ಹೆಣ್ಣುಮಗಳೊಬ್ಬಳು ಸಿಕ್ಕ ದಿನ ಮನೆಗೆ ಬಂದು ಮಗುವಿನ ಹಾಗೆ ಕುಣಿದೆ ಎಂದು ಶಾಂತಾ ಈಗಲೂ ಎಲ್ಲರಿಗೂ ಹೇಳುತ್ತಾಳೆ. ಎಲ್ಲಕ್ಕಿಂತ ಕಷ್ಟದ್ದು ಸಂಜೆ ಏಳು ಗಂಟೆ. ಎಂಬತ್ತು ಹುಡುಗಿಯರ ಹೆಸರು ಕೂಗುತ್ತಿದ್ದ ಆ ಹೊತ್ತಿಗೆ ಇಲ್ಲಿ ಕೂಗಲು ಒಂದೇ ಹೆಸರಿತ್ತು. ಅವಳೋ ಟಿವಿ ನೋಡುತ್ತ “ಹಾಂ” ಎನ್ನುತ್ತಿದ್ದಳು.

ಆದ್ದರಿಂದ ಪಾರ್ಕಿನ ಕಾವಲುಗಾರ ಕೆಲಸ ಬಿಟ್ಟಾಗ, ಬಡಾವಣೆಯ ಸಂಘದ ಕಾರ್ಯದರ್ಶಿ ನಂಜುಂಡಪ್ಪ ಮನೆಗೆ ಬಂದು, “ಮೇಡಂ, ಬೆಳಗ್ಗೆ ಐದಕ್ಕೆ ಏಳೋರು ಈ ಬೀದೀಲಿ ನೀವೊಬ್ರೇ. ಬೀಗದ ಕೈ ನಿಮ್ಮತ್ರ ಇರ್ಲಿ,” ಎಂದಾಗ ಒಂದು ಕ್ಷಣವೂ ಯೋಚಿಸಲಿಲ್ಲ. ಖಾಲಿ ಉಂಗುರಕ್ಕೆ ಆ ಕೈಯನ್ನು ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಡಿಗೆಗೆ ಹಳೆಯ ಸದ್ದು ಮರಳಿತು.

ಐದೂವರೆಗೆ ತೆರೆಯುತ್ತಿದ್ದೆ. ಒಂಬತ್ತೂವರೆಗೆ ಮುಚ್ಚುತ್ತಿದ್ದೆ, ಏಕೆಂದರೆ ಹತ್ತಕ್ಕೆ ಮುಚ್ಚಬೇಕಾದರೆ ಒಂಬತ್ತೂವರೆಗೆ ಶುರು ಮಾಡಬೇಕು. ತಗಡಿನ ಹಲಗೆಯ ಮೇಲೆ ನನ್ನ ಕೈಯಾರೆ ಬರೆದೆ: ಹೂ ಕೀಳಬಾರದು, ಚೆಂಡಾಡಬಾರದು, ಬೆಂಚಿನ ಮೇಲೆ ಮಲಗಬಾರದು, ತಿಂಡಿ ತಿನ್ನಬಾರದು, ಹುಲ್ಲಿನ ಮೇಲೆ ಕೂರಬಾರದು. ತಿಂಗಳೊಳಗೆ ಒಂದು ಕಡಲೆಕಾಯಿ ಸಿಪ್ಪೆಯೂ ಸಿಗದ ಹಾಗಾಯಿತು.

ಹೂವಿನ ವಿಷಯಕ್ಕೆ ಜಗಳವಾದದ್ದು ಮುನಿತಾಯಮ್ಮನ ಜೊತೆ. ಕುರುಬರಹಳ್ಳಿಯ ಹಳೇ ಊರಿನವರು, ನನಗಿಂತ ಮೂರ್ನಾಲ್ಕು ವರ್ಷ ಹಿರಿಯರು. ದಿನಾ ಬೆಳಗ್ಗೆ ಕೊಕ್ಕೆ ಕೋಲು ತಂದು ಸಂಪಿಗೆ ಎಳೆಯುತ್ತಿದ್ದರು.

“ಬೋರ್ಡು ಓದ್ರಿ,” ಎಂದೆ.

“ನಂಗೆ ಓದಕ್ಕೆ ಬರಲ್ಲ. ನೀವೇ ಓದಿ.”

ಓದಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದರು. “ಉಸ್ರು ಬಿಡಬೌದಾ? ಅದೊಂದು ಬರ್ಯೋದು ಮರ್ತಿದ್ದೀರಾ,” ಎಂದು ಕೋಲು ಹೆಗಲಿಗೇರಿಸಿ ಹೊರಟರು. ಮತ್ತೆ ಬರಲಿಲ್ಲ.

ಆಮೇಲೆ ಚೌಕಾಬಾರ ಆಡುತ್ತಿದ್ದ ಮುದುಕರು ಬರಲಿಲ್ಲ. ಸೊಪ್ಪು ಸೋಸುತ್ತ ಕೂರುತ್ತಿದ್ದ ಹೆಂಗಸರು, ಚೆಂಡಿನ ಮಕ್ಕಳು, ಒಬ್ಬೊಬ್ಬರಾಗಿ ಕಡಿಮೆಯಾದರು. ಪಾರ್ಕು ನಿಶ್ಶಬ್ದವಾಯಿತು. ಹಾಸ್ಟೆಲಿನಲ್ಲಿ ನಿಶ್ಶಬ್ದವೆಂದರೆ ಎಲ್ಲ ಸರಿಯಿದೆ ಎಂದು ಅರ್ಥ. ಇಲ್ಲಿಯೂ ಹಾಗೆಯೇ ಎಂದು ನಂಬಿ ಖುಷಿಪಟ್ಟೆ.

ಎಂಟು ತಿಂಗಳ ನಂತರ ಒಂದು ಬೆಳಗ್ಗೆ ಪಾಲಿಕೆ ಕಚೇರಿಯ ಜೀಪು ಬಂತು. ಒಬ್ಬ ಸಾಹೇಬರೂ ಅವರ ಜೊತೆಯವನೂ ಇಳಿದು ನಾಲ್ಕು ಮೂಲೆಯಿಂದ ಫೋಟೋ ತೆಗೆದರು. ಪಾರ್ಕಿನಲ್ಲಿ ನಾನಿದ್ದೆ, ನಡೆಯಲು ಬಂದ ಇಬ್ಬರಿದ್ದರು. ವಾರದ ಮೇಲೆ ಗೇಟಿನ ಹತ್ತಿರ ನೋಟೀಸು ಕಾಣಿಸಿತು. ಜನಬಳಕೆ ಇಲ್ಲದ ಈ ಜಾಗದಲ್ಲಿ ಎರಡು ಅಂತಸ್ತಿನ ವಾಹನ ನಿಲುಗಡೆ ತಾಣ ಕಟ್ಟುವ ಪ್ರಸ್ತಾಪವಿದೆ, ತಿಂಗಳೊಳಗೆ ಮತ್ತೊಮ್ಮೆ ಸ್ಥಳ ನೋಡಿ ತೀರ್ಮಾನಿಸಲಾಗುವುದು ಎಂದು. ಅದನ್ನು ಅವರು ನನ್ನ ಹಲಗೆಯ ಮೇಲೆಯೇ ಅಂಟಿಸಿದ್ದರು.

ನಂಜುಂಡಪ್ಪ ತಲೆ ಕೆರೆದುಕೊಂಡು, “ಅವರು ಹೇಳೋದ್ರಲ್ಲೂ ತಪ್ಪಿಲ್ಲ ಮೇಡಂ, ಯಾರೂ ಬರಲ್ವಲ್ಲ,” ಎಂದರು. ಮನೆಗೆ ಬಂದು ಆ ಮಾತನ್ನು ತಂಗಿಗೆ ಹೇಳಿದೆ. ಶಾಂತಾ ಸಮಾಧಾನ ಹೇಳಲಿಲ್ಲ. “ಅಕ್ಕ, ಇದು ಹಾಸ್ಟೆಲ್ ಅಲ್ಲ. ಅಲ್ಲಿ ಹುಡಿಗ್ಯಾರು ಓಡಿ ಹೋಗಬಾರದಂತ ಕೀಲಿ ಹಾಕತಿದ್ದಿ. ಇಲ್ಲಿ ಎಲ್ಲಾರೂ ಓಡಿ ಹೋದ್ರು,” ಎಂದಳು. ಹೋಗಿ ಮುನಿತಾಯಮ್ಮನನ್ನು ಕೇಳು ಎಂದೂ ಹೇಳಿದಳು.

ಇಲ್ಲಿಯ ಬಡಾವಣೆಗಳ ಹೊಟ್ಟೆಯೊಳಗೆ ಇಂಥ ಹಳೇ ಊರುಗಳು ಉಳಿದಿವೆ. ಆ ಬೀದಿಗಳಿಗೆ ಸಂಖ್ಯೆಯಿಲ್ಲ, ನೇರವಾಗಿಯೂ ಇಲ್ಲ. ನಾಲ್ಕು ಅಂತಸ್ತಿನ ಎರಡು ಕಟ್ಟಡಗಳ ನಡುವೆ ಮುನಿತಾಯಮ್ಮನ ಹೆಂಚಿನ ಮನೆ, ಮುಂದೆ ಕಲ್ಲಿನ ಜಗಲಿ. ಜಗಲಿಯ ಮೇಲೆ ಐದಾರು ಜನ ಹರಟುತ್ತಿದ್ದರು. ಅವರಲ್ಲಿ ಮೂವರು ನನ್ನ ಪಾರ್ಕು ಬಿಟ್ಟವರು. ನನ್ನನ್ನು ಕಂಡು ಮಾತು ನಿಲ್ಲಿಸಿದರು.

“ಬನ್ನಿ ಬನ್ನಿ. ಇಲ್ಲಿ ಬೋರ್ಡಿಲ್ಲ, ಕೂತ್ಕೋಬೌದು,” ಎಂದರು ಮುನಿತಾಯಮ್ಮ.

ಕೂತೆ. ನೋಟೀಸಿನ ವಿಷಯ ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡರು. “ಏಳಿ, ಒಂದಷ್ಟು ಪಾರ್ಕು ತೋರಿಸ್ಕೊಂಡು ಬತ್ತೀನಿ.”

ಮೊದಲು ನಿಂತದ್ದು ಒಂದು ಅಂಗಡಿ ಸಾಲಿನ ಮುಂದೆ. “ಇದೊಂದು ಪಾರ್ಕು. ಆ ಮೊಬೈಲ್ ಅಂಗ್ಡಿ ಐತಲ್ಲ, ಅಲ್ಲಿ ಜಾರುಬಂಡೆ ಇತ್ತು.” ಬೇಕರಿಯವನು ಗಿರಾಕಿಗಳಿಗೆ ಹಾಕಿದ್ದ ಕಲ್ಲುಬೆಂಚು ಮಾತ್ರ ಆ ಪಾರ್ಕಿನದು. ಎರಡನೆಯದು ಈಗ ನೀರಿನ ಟ್ಯಾಂಕು. “ನನ್ ಮಗಳು ಗೌರಿ ಇಲ್ಲೇ ಸೈಕಲ್ ಕಲ್ತಿದ್ದು. ಬಿದ್ದು ಹಲ್ಲು ಮುರ್ಕೊಂಡ್ಳು.” ಮೂರನೆಯದನ್ನು ರಸ್ತೆ ನುಂಗಿತ್ತು. ಫುಟ್‌ಪಾತಿನ ಕಲ್ಲುಗಳ ನಡುವೆ ಒಂಟಿ ಹೊಂಗೆ ನಿಂತಿತ್ತು. ಮುನಿತಾಯಮ್ಮ ಅದರ ಬೊಡ್ಡೆಯನ್ನು ದನದ ಬೆನ್ನು ತಟ್ಟುವಂತೆ ತಟ್ಟಿದರು.

“ಮೂರೂ ಹೋಗಿದ್ದು ಒಂದೇ ಥರ. ಮೊದ್ಲು ಚೆನ್ನಾಗಿಟ್ಕೋಬೇಕು ಅಂತ ಒಬ್ರು ಬತ್ತಾರೆ. ಬೋರ್ಡ್ ಹಾಕ್ತಾರೆ. ಬೀಗ ಹಾಕ್ತಾರೆ. ಜನ ಬಿಡ್ತಾರೆ. ಆಮೇಲೆ ಇನ್ನೊಬ್ರು ಬಂದು, ಇಲ್ಲಿ ಯಾರೂ ಬರಲ್ವಲ್ಲ ಅಂತಾರೆ.” ನನ್ನ ಮುಖ ನೋಡಿ ಅವರು ದನಿ ಇಳಿಸಿದರು. “ಇದೆಲ್ಲ ನಮ್ಮ ಮಾವನ ರಾಗಿ ಹೊಲ. ಲೇಔಟಿಗೆ ಹೋದಾಗ ಅವ್ರು ಅಳಲಿಲ್ಲ. ಪಾರ್ಕಿಗೆ ಅಂತ ಜಾಗ ಬಿಟ್ಟವ್ರೆ, ಮಕ್ಳು ಆಡ್ಕೊತವೆ ಅಂದ್ರು. ನಾಕ್ರಲ್ಲಿ ಉಳ್ದಿರೋದು ಇದೊಂದು.”

“ನಿಮ್ಮ ಮನಿ ಹೆಂಗ ಉಳೀತು?” ಎಂದು ಕೇಳಿದೆ.

“ಒಡ್ದು ಕಟ್ಟಾಣ ಅಂತ ಮಗ ಹೇಳ್ತಾನೇ ಇರ್ತಾನೆ. ಮೊದ್ಲು ಜಗಲಿ ಮೇಲಿರೋರ್ನ ಎಬ್ಬಿಸಪ್ಪ ಅಂತೀನಿ. ಅವ್ರು ಏಳಲ್ಲ, ಇವ್ನು ಒಡ್ಯಲ್ಲ.”

ಅಂದು ಸಂಜೆಯೇ ಬೀಗ ತೆಗೆದು ಅವರ ಕೈಗೆ ಕೊಟ್ಟೆ. ಹಲಗೆಯಲ್ಲಿ ನನ್ನ ನಿಯಮಗಳನ್ನು ಸುಣ್ಣ ಬಳಿದು ಅಳಿಸಿದೆ, ನೋಟೀಸನ್ನು ಮುಟ್ಟಲಿಲ್ಲ. ಮನೆಮನೆಗೆ ಹೋಗಿ, ಗೇಟು ದಿನವಿಡೀ ತೆರೆದಿರುತ್ತದೆ, ತಪ್ಪು ನನ್ನದು, ಬನ್ನಿ ಎಂದೆ. ಎಲ್ಲರೂ ನೀರು ಕೊಟ್ಟು ತಲೆಯಾಡಿಸಿದರು. ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗಂಟೆ ಹೊಡೆದರೆ ಸಾಲಾಗಿ ಬರುವುದು ಹಾಸ್ಟೆಲಿನ ಮಕ್ಕಳು ಮಾತ್ರ. ತೆರೆದ ಗೇಟಿನೊಳಗೆ ಒಬ್ಬಳೇ ಕೂತ ಆ ಎರಡು ದಿನಗಳನ್ನು ಮರೆಯಲಾರೆ. ಮೂರನೆಯ ದಿನ ಆಟೋದವನು ಇಣುಕಿ, “ಬರಬೋದಾ ಆಂಟಿ?” ಎಂದ. ಹುಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದ. ಅನ್ನದ ಅಗುಳು ಬಿತ್ತು. ನಾನು ಬೇರೆ ಕಡೆ ನೋಡಿದೆ.

ಅವರೆಕಾಯಿಯ ಕಾಲ ಶುರುವಾಗಿತ್ತು. ಇಲ್ಲಿಯವರಿಗೆ ಚಳಿಗಾಲವೆಂದರೆ ಅವರೆ. ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಹಿಚುಕಿ ಸಿಪ್ಪೆ ತೆಗೆಯುತ್ತಾರೆ. ಅದಕ್ಕೆ ಹಿತಕಿದ ಬೇಳೆ ಎನ್ನುತ್ತಾರೆ. ಒಬ್ಬರೇ ಕೂತು ಮಾಡುವ ಕೆಲಸವಲ್ಲ. ಮುನಿತಾಯಮ್ಮ ತಮ್ಮ ಜಗಲಿಯನ್ನೇ ಎಬ್ಬಿಸಿ ಪಾರ್ಕಿಗೆ ತಂದರು. ಹೆಂಗಸರು ಬಂದರೆಂದು ಮಕ್ಕಳು ಬಂದರು, ಮಕ್ಕಳ ಗಲಾಟೆ ಕೇಳಿ ಚೌಕಾಬಾರದ ಮುದುಕರು ಬಂದರು.

ಸಾಹೇಬರು ಎರಡನೆಯ ಸಲ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಜೊತೆಯವನು ಟೇಪು ಹಿಡಿದು ನೆರಳಿಗೆ ಕಾಲಿಟ್ಟವನೇ ನಿಂತುಬಿಟ್ಟ.

“ಸ್ವಲ್ಪ ಕಾಲು ಮಡಿಚ್ಕೊಳ್ಳೀಮ್ಮ, ಅಳತೆ ಹಿಡೀಬೇಕು.”

“ಅಳತೆ ಆಮೇಲೆ ಹಿಡ್ಯುವಂತೆ ಬಾರಪ್ಪ. ಒಂದ್ ಸೇರು ಹಿಚುಕ್ಕೊಡು,” ಎಂದು ಮುನಿತಾಯಮ್ಮ ಬುಟ್ಟಿ ಮುಂದೆ ತಳ್ಳಿದರು. ಎಲ್ಲರೂ ನಕ್ಕರು.

ಸಾಹೇಬರು ನಗಲಿಲ್ಲ. ನಂಜುಂಡಪ್ಪ ನನ್ನನ್ನು ಪಾರ್ಕು ನೋಡಿಕೊಳ್ಳುವವರೆಂದು ಪರಿಚಯಿಸಿದಾಗ, “ಮಧ್ಯಾಹ್ನ ಯಾವಾಗಲೂ ತೆಗೆದಿರುತ್ತಾ ಮೇಡಂ?” ಎಂದು ಕೇಳಿದರು.

ಹೌದು ಎನ್ನುವುದು ಸುಲಭವಿತ್ತು. ಮುನಿತಾಯಮ್ಮ ಕಣ್ಣಿನಲ್ಲಿಯೇ ಹೇಳಿ ಹೇಳಿ ಎನ್ನುತ್ತಿದ್ದರು. ಆದರೆ ಎಂಬತ್ತು ಹುಡುಗಿಯರಿಗೆ ಸುಳ್ಳು ಹೇಳಬೇಡಿರೆಂದು ಕಲಿಸಿದ ನಾಲಿಗೆ ತಿರುಗಲಿಲ್ಲ.

“ಇಲ್ರಿ. ಹನ್ನೆರಡು ದಿನದಿಂದ. ಅದಕ್ಕೂ ಮೊದಲ ಕೀಲಿ ಹಾಕಿದಾಕಿ ನಾನ. ಜನಾ ಬರಲಾರದಂಗ ಮಾಡಿದಾಕಿನೂ ನಾನ. ಪಾರ್ಕಿನ ತಪ್ಪಲ್ರಿ ಅದು.”

ಮುನಿತಾಯಮ್ಮ ಹಣೆ ಚಚ್ಚಿಕೊಂಡರು. ಸಾಹೇಬರು ಪೆನ್ನು ತೆಗೆದರು. “ಇದನ್ನ ಹಾಗೇ ಬರ್ಕೊಳ್ಲಾ?”

“ಬರಕೋರಿ.”

“ಈಗ ಬೀಗ ಎಲ್ಲಿದೆ?”

ಮುನಿತಾಯಮ್ಮ ಕೂತಲ್ಲಿಂದಲೇ ಬೆರಳು ತೋರಿಸಿದರು. ಅವರೆ ಸಿಪ್ಪೆಯ ಪೇಪರು ಗಾಳಿಗೆ ಹಾರದಿರಲೆಂದು ಬೀಗವನ್ನು ಅದರ ಮೇಲೆ ಇಟ್ಟಿದ್ದರು. ಸಾಹೇಬರು ಅದನ್ನು ನೋಡಿದರು, ಪೇಪರನ್ನು ನೋಡಿದರು, ಬರೆದುಕೊಂಡು ಹೋದರು.

ಮುಂದಿನ ಮೂರು ವಾರ ನಾನು ಸರಿಯಾಗಿ ಉಣ್ಣಲಿಲ್ಲ. “ಸತ್ಯ ಹೇಳೋಕೆ ಬೇರೆ ದಿನ ಸಿಗ್ಲಿಲ್ವಾ ನಿಂಗೆ?” ಎಂದು ಮುನಿತಾಯಮ್ಮ ದಿನಕ್ಕೊಮ್ಮೆ ಬೈದರು. ನನ್ನನ್ನು ‘ನೀನು’ ಎನ್ನತೊಡಗಿದ್ದು ಆವಾಗಲೇ. ಆಮೇಲೆ ಒಂದು ಬೆಳಗ್ಗೆ ನಂಜುಂಡಪ್ಪ ಕಾಗದ ಹಿಡಿದು ಬೇಲಿಯ ಆಚೆಯಿಂದಲೇ ಕೂಗುತ್ತ ಬಂದರು. ಜಾಗವು ಸಾರ್ವಜನಿಕ ಬಳಕೆಯಲ್ಲಿರುವುದು ಕಂಡುಬಂದಿದ್ದರಿಂದ ಪ್ರಸ್ತಾಪವನ್ನು ಸದ್ಯಕ್ಕೆ ಕೈಬಿಡಲಾಗಿದೆ. ಎರಡು ಸಲ ಓದಿಸಿದೆ. ‘ಸದ್ಯಕ್ಕೆ’ ಎಂಬ ಮಾತು ನನ್ನ ಗಮನಕ್ಕೆ ಬಾರದೆ ಇರಲಿಲ್ಲ. ಆದರೂ ಆ ದಿನ ನಾನೇ ನಿಷೇಧಿಸಿದ್ದ ಹುಲ್ಲಿನ ಮೇಲೆ ಕೂತುಬಿಟ್ಟೆ. ಹಗುರಾಗಿದ್ದೆ. ಯಾರೋ ಮಡಿಲಿಗೆ ಒಂದು ಹಿಡಿ ನೆನೆದ ಕಾಳು ಹಾಕಿದರು.

ಹೋದ ತಿಂಗಳು ಗದಗಿಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ಸಿಕ್ಕಿದಿರಿ. ಹಾಸ್ಟೆಲಿಗೂ ಹೋದೆ. ಅಂಗಳದಲ್ಲಿ ಓದುತ್ತಿದ್ದ ಹುಡುಗಿಯರು, ಹೊಸಬರು, ನನ್ನನ್ನು ಎಂದೂ ನೋಡದವರು, ನನ್ನ ಸೊಂಟದ ಉಂಗುರದ ಸದ್ದಿಗೆ ತಟ್ಟನೆ ಎದ್ದು ನಿಂತರು. “ನಮಸ್ಕಾರ್ರಿ ಅಕ್ಕಾರ.” ಎದೆ ತುಂಬಿತು. ಈ ನೆಲವನ್ನು ಬಿಟ್ಟು ಯಾಕೆ ಹೋದೆ ಅನ್ನಿಸಿತು. ಅಷ್ಟರಲ್ಲಿ ಹಾಸ್ಟೆಲಿನ ಗಡಿಯಾರದಲ್ಲಿ ಒಂಬತ್ತೂವರೆ ಆಯಿತು, ಪಾರ್ಕು ಮುಚ್ಚುತ್ತಿದ್ದ ಹೊತ್ತು; ನನ್ನ ಕೈ ಸೊಂಟಕ್ಕೆ ಹೋಯಿತು. ಉಂಗುರದಲ್ಲಿ ಪಾರ್ಕಿನ ಬೀಗದ ಕೈ ಇನ್ನೂ ಇತ್ತು. ಶಾಂತಾಳಿಗೆ ಫೋನ್ ಮಾಡಿದೆ.

“ಗೇಟು ತಗದಾರೇನು?”

“ಕೀಲಿನ ಇಲ್ಲಂದ ಮ್ಯಾಲ ತಗಿಯೂದೇನ ಅಕ್ಕ? ಮುನಿತಾಯಮ್ಮಾರು ಕೇಳಾಕತ್ತಾರ, ಯಾವಾಗ ಬರ್ತಾಳಂತ.”

ಅಂದುಕೊಂಡದ್ದಕ್ಕಿಂತ ಎರಡು ದಿನ ಮೊದಲೇ ಹೊರಟೆ. ಬಸ್ಸು ಇಳಿದು ಪಾರ್ಕಿಗೆ ಹೋದಾಗ ಮಧ್ಯಾಹ್ನ, ನೆರಳು ತುಂಬಿತ್ತು. ನನ್ನನ್ನು ಕಂಡು ಯಾರೂ ಏಳಲಿಲ್ಲ. ಮುನಿತಾಯಮ್ಮ ತಲೆಯನ್ನೂ ಎತ್ತದೆ, ಬುಟ್ಟಿಯನ್ನು ಎಡಕ್ಕೆ ಎಳೆದುಕೊಂಡು ಒಂದು ಮೊಳ ಸರಿದರು. ಆ ಒಂದು ಮೊಳದಲ್ಲಿ ಕೂತೆ. ಗದಗಿನ ಹುಡುಗಿಯರು ಎದ್ದು ನಿಂತದ್ದು ಮಾತ್ರ ಇನ್ನೂ ಕಣ್ಣ ಮುಂದಿತ್ತು.