ಸಹಿ ಇಲ್ಲದ ಬಾಟಲಿ

ನಮ್ಮ ಸಾಹೇಬರ ಬಲಗೈ ಹೆಬ್ಬೆರಳಿನ ಚರ್ಮ ಸುಟ್ಟು ಸುಟ್ಟು ದಪ್ಪಗಾಗಿ, ಉಗುರಿನ ಸುತ್ತ ಸದಾ ಅರಗಿನ ಕೆಂಪು ಅಂಟಿಕೊಂಡಿರುತ್ತಿತ್ತು. ನೀರಿನ ಬಾಟಲಿಗೆ ಮೊಹರು ಮಾಡುವಾಗ ಅರಗು ಸರಿಯಾಗಿ ಕೂತಿದೆಯೇ ಎಂದು ಬೆರಳಿಂದಲೇ ಒತ್ತಿ ನೋಡುವುದು ಅವರ ಚಟ. "ಸುಡೂದಿಲ್ಲೇನ್ರಿ?" ಅಂತ ಕೇಳಿದರೆ, "ಸುಡತೈತಿ ತಂಗಿ. ಬಾಟಲಿ ಸೋರಿದ್ರ ಕೋರ್ಟಿನ್ಯಾಗ ಇದಕ್ಕಿಂತ ಜಾಸ್ತಿ ಸುಡತೈತಿ" ಅನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸು. ಕಾರ್ಖಾನೆಗಳ ಹೊಲಸು ನೀರಿನ ಮೇಲೆ ಕಣ್ಣಿಡುವ ಬೆಳಗಾವಿಯ ಕಚೇರಿಯಲ್ಲಿ ಅವರು ಅಧಿಕಾರಿ, ನಾನು ಲ್ಯಾಬಿನವಳು. ದಿನಾ ಮುಂಜಾನೆ ಖಾನಾಪುರದಿಂದ ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದರು, ಕೈಯಲ್ಲಿ ತಮ್ಮ ಮನೆಯ ಬಾವಿ ನೀರಿನ ಕ್ಯಾನು. ಊರವರ ನೀರನ್ನೆಲ್ಲ ಪರೀಕ್ಷೆ ಮಾಡಿ ಮಾಡಿ ಯಾರ ನೀರಿನ ಮೇಲೂ ನಂಬಿಕೆ ಉಳಿದಿಲ್ಲ ಇವರಿಗೆ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ನಗುತ್ತ ನಮಗೂ ಒಂದೊಂದು ಲೋಟ ಬಗ್ಗಿಸಿ ಕೊಡುತ್ತಿದ್ದರು.

ಜಲಕಾಯ್ದೆ ಅವರಿಗೆ ಬಾಯಿಪಾಠ. ಅದರಲ್ಲೊಂದು ಮಾತಿದೆ: ಹೊಲಸು ನೀರಿನ ಮಾದರಿ ತೆಗೆಯುವಾಗ ಕಾರ್ಖಾನೆಯವರಿಗೆ ಅಲ್ಲಿಯೇ ತಿಳಿಸಬೇಕು, ಅವರ ಎದುರಿಗೇ ಎರಡು ಪಾಲು ಮಾಡಬೇಕು, ಮೊಹರಾದ ಬಾಟಲಿಗೆ ಇಬ್ಬರ ಸಹಿಯೂ ಬೀಳಬೇಕು; ತಿಳಿಸಿದರೂ ಅವರು ಬರದಿದ್ದರೆ ಅಧಿಕಾರಿಯ ಸಹಿಯೊಂದೇ ಸಾಕು. ತಿಳಿಸದೆ ತೆಗೆದರೆ ಬಾಟಲಿಯಲ್ಲಿ ವಿಷವೇ ಇರಲಿ, ಕೋರ್ಟು ಅದನ್ನು ತಿರುಗಿ ನೋಡುವುದಿಲ್ಲ. ಇದನ್ನು ನನಗೆ ಕಲಿಸಿದವರೂ ಅವರೇ.

ಆಟೋ ನಗರದ ಅಂಚಿಗೆ, ಗಾಡಿಗಳ ಬಂಪರಿಗೆ ಕ್ರೋಮಿಯಂ ಲೇಪಿಸಿ ಹೊಳಪು ಕೊಡುವ ಒಂದು ಸಣ್ಣ ಕಾರ್ಖಾನೆ ಇತ್ತು. ಅದರ ಗಟಾರದ ಪಕ್ಕದಲ್ಲೇ ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಒಬ್ಬ ಹೆಂಗಸಿನ ಮನೆ, ಒಂದು ಎಮ್ಮೆ, ಒಂದು ಬಾವಿ. ಆಕೆ ಒಂದು ದಿನ ನೆಟ್ಟಗೆ ನಮ್ಮ ಕಚೇರಿಗೇ ಬಂದಳು. "ಬಾವಿ ನೀರು ಹಳದಿ ಆಗೇತ್ರಿ ಸಾಹೇಬ್ರ. ಎಮ್ಮಿ ಸೈತ ಬಾಯಿ ಇಡವಲ್ದು. ನಾ ಏನು ಕುಡೀಲಿ?"

"ಚಿಂತಿ ಮಾಡಬ್ಯಾಡ್ರಿ ಮಾವಶಿ. ನಿಮ್ಮ ಬಾವಿ ಚಲೋ ಆದ ದಿವಸ ಮೊದಲನೇ ತಂಬಿಗಿ ನಾನ ಕುಡೀತೀನಿ" ಎಂದರು ಸಾಹೇಬರು.

ಬಾಯಲ್ಲಿ ಹೇಳುವುದು ಸುಲಭ. ನಮ್ಮ ಜೀಪು ಓಣಿಗೆ ತಿರುಗುವಷ್ಟರಲ್ಲಿ ಆ ಗಟಾರದಲ್ಲಿ ಬರೀ ತಿಳಿಯಾದ ನಲ್ಲಿ ನೀರು ಹರಿಯುತ್ತಿರುತ್ತಿತ್ತು. ಕಳ್ಳರು! ಕೊನೆಗೊಂದು ಮುಂಜಾನೆ ಮಾವಶಿ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಳು. ಹೋಗಿ ನೋಡಿದರೆ ಗಟಾರದ ತುಂಬ ಅರಿಷಿಣ ಕದಡಿದಂಥ ನೀರು. ಮಾಲಕರ ತಂದೆ ತೀರಿಕೊಂಡಿದ್ದರು. ಸೂತಕಕ್ಕೆ ಬಾಗಿಲು ಹಾಕುವ ಮುಂಚೆ ಕೆಲಸಗಾರರು ತೊಟ್ಟಿ ಖಾಲಿ ಮಾಡುತ್ತಿದ್ದರು. ಸಹಿ ಹಾಕಿ ಅಂದರೆ, ನಮಗೇನೂ ಗೊತ್ತಿಲ್ಲ ಎಂದು ಕೈ ಕೊಡವಿಕೊಂಡರು.

ಮಾಲಕರ ಮನೆ ಹಿಂದಿನ ಓಣಿಯಲ್ಲೇ. ಅಳುವ ದನಿ ನಮಗೂ ಕೇಳುತ್ತಿತ್ತು. "ಹೋಗಿ ಒಂದು ಮಾತು ತಿಳಿಸಿ ಬರೂಣ ನಡೀರಿ ಸರ್. ಇಂಥಾ ದಿವಸ ಮತ್ತ ಸಿಗೂದಿಲ್ಲ" ಎಂದೆ ನಾನು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ.

"ಅವರ ಮನ್ಯಾಗ ಹೆಣ ಐತಿ ತಂಗಿ. ಹೆಣದ ಮುಂದ ನಿಂತು, ಬರ್ರಿ, ಬಾಟಲಿಗೆ ಸಹಿ ಹಾಕ್ರಿ ಅನ್ನಲೇನು? ನನ್ನ ಕಡೆ ಆಗೂದಿಲ್ಲ."

ನೀರು ತುಂಬಿಕೊಂಡರು. ಎಂದಿನಂತೆ ಅರಗು ಒತ್ತಿದರು. ತಮ್ಮದೊಂದೇ ಸಹಿ ಹಾಕಿದರು.

ನಾನೇ ಪರೀಕ್ಷೆ ಮಾಡಿದೆ, ಕ್ರೋಮಿಯಂ ಬೇಕಾದಷ್ಟಿತ್ತು. ಆದರೆ ಕೋರ್ಟಿನಲ್ಲಿ ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ಮಾಲಕರಿಗೆ ತಿಳಿಸಿದ್ರೇನ್ರಿ?" ಹೇಳಿ ಕಳಿಸಿದ್ದೆ, ಅವರೇ ಬರಲಿಲ್ಲ ಎನ್ನಬಹುದಿತ್ತು. ಸಾಹೇಬರು "ಇಲ್ರಿ" ಎಂದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಅದನ್ನು ಬಲ್ಲ ಮಾಲಕರು ನೆಲ ನೋಡುತ್ತ ಕೂತಿದ್ದರು. ಕೇಸು ಬಿದ್ದುಹೋಯಿತು.

ಅಲ್ಲಿಂದ ಕಾರ್ಖಾನೆಯವರು ಇನ್ನೂ ಹುಷಾರಾದರು. ಬಾವಿ ಚಲೋ ಆಗಲೇ ಇಲ್ಲ. ಸಾಹೇಬರ ಕೈಯಲ್ಲಿ ಒಂದರ ಬದಲು ಎರಡು ಕ್ಯಾನು ಕಾಣತೊಡಗಿದವು. ಸ್ಟೇಷನ್ನಿನಿಂದ ಮೊದಲು ಮಾವಶಿಯ ಮನೆ, ಆಮೇಲೆ ಕಚೇರಿ. ನಿವೃತ್ತಿಯಾದ ಮೇಲೂ ಆ ಒಂದು ಕ್ಯಾನಿನ ಸಲುವಾಗಿ ಗಾಡಿ ಹತ್ತಿ ಬರುತ್ತಿದ್ದರು. ಒಮ್ಮೆ ಮಾವಶಿಯ ಬಾಗಿಲಲ್ಲೇ ತಡೆಯಲಾರದೆ, "ಆ ದಿವಸ ನೀವು ಮಾಡಿದ್ದು ತಪ್ಪಲ್ಲ ಬಿಡ್ರಿ ಸರ್" ಎಂದೆ. "ಅವರ ಮನೀಗಿ ತಪ್ಪಲ್ಲ. ಈ ಮನೀಗಿ ತಪ್ಪ" ಎಂದರು. ಯಾರದು ಸರಿ ಎಂದು ಇವತ್ತಿಗೂ ತಿಳಿದಿಲ್ಲ.

ಅವರು ಹೋದ ಸುದ್ದಿ ಬಂದಾಗ ಮಾವಶಿಯನ್ನು ಕರೆದುಕೊಂಡು ಖಾನಾಪುರಕ್ಕೆ ಹೋದೆ. ಆಕೆಯ ಕೈಯಲ್ಲಿ ಅದೇ ಕ್ಯಾನು, ತಳದಲ್ಲಿ ಹಿಂದಿನ ದಿನ ಅವರೇ ತಂದುಕೊಟ್ಟ ನೀರು. ಮನೆಯವರು ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಡುತ್ತಿದ್ದರು. ಅರಗಿನ ಕೆಂಪು ಎಂದೋ ಹೋಗಿತ್ತು, ಆ ಹೆಬ್ಬೆರಳಿನ ಸುಟ್ಟ ದಪ್ಪ ಚರ್ಮ ಮಾತ್ರ ಹಾಗೇ ಇತ್ತು. ಅದನ್ನು ಕಂಡು ನಾನು ಗಳಗಳ ಅತ್ತುಬಿಟ್ಟೆ.

ಮಾವಶಿ ಅಳಲಿಲ್ಲ. ಕ್ಯಾನಿನ ಬಿರಡೆ ತೆಗೆದು, ಅಂಗೈಯಲ್ಲಿ ಇಷ್ಟೇ ನೀರು ಹಿಡಿದು ಅವರ ತುಟಿಗೆ ಬಿಟ್ಟಳು. ಬಾಗಿ, ಅವರಿಗೆ ಮಾತ್ರ ಹೇಳುವವಳಂತೆ ಅಂದಳು:

"ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ನಮ್ಮ ಬಾವಿ ಚಲೋ ಆಗಲಿಲ್ರಿ. ಇದೂ ನಿಮ್ಮ ಬಾವೀದ ನೀರ್ರಿ."