ಕೆಂಪಾಗದ ಕತ್ತಿ

“ಲೈನಿನ ಒರತೆಗೆ ಮೈಲುತುತ್ತದ ವಿಷ ಬೆರೆಸಿದವನು ಕೊನೆಗೆ ಅದೇ ನೀರು ಕುಡಿದು ಸತ್ತ.” ನಮ್ಮ ಮದ್ದಿನ ಮೇಸ್ತ್ರಿಯ ಬಗ್ಗೆ ಬಾಳೂರಿನ ಕಡೆ ಇಂದಿಗೂ ಹೇಳುವುದು ಇಷ್ಟೇ. ಮೊನ್ನೆ ಪಕ್ಕದ ತೋಟದಲ್ಲಿ ಕಾಫಿಗೆ ಮದ್ದು ಹೊಡೆಯುತ್ತಿದ್ದರು. ಒದ್ದೆ ಸುಣ್ಣದ ವಾಸನೆ ಗಾಳಿಯಲ್ಲಿ ಬಂತು. ಅರವತ್ತು ವರ್ಷಗಳ ಹಿಂದಿನ ಭಯ ಮತ್ತೆ ಎದ್ದು ಕೂತಿತು. ಆ ಕಥೆ ಸುಳ್ಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನ್ನ ಮಾತೆಂದು ತಳ್ಳಿಹಾಕುವವರು ಕಡೆಯ ಸಾಲಿನವರೆಗೆ ತಾಳಲಿ.

ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲಿನ ಮಾತು. ನಾನು ಬಾಳೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಕೂಲಿ ಲೆಕ್ಕ ಬರೆಯುವವನು. ಮೇಸ್ತ್ರಿ ಘಟ್ಟದ ಕೆಳಗಿನಿಂದ ಬಂದ ಒಂಟಿ ಮನುಷ್ಯ. ಮೈಲುತುತ್ತ ಕರಗಿಸಿ, ಪೀಪಾಯಿಯಲ್ಲಿ ಸುಣ್ಣದ ನೀರು ಸೇರಿಸಿ ಮದ್ದು ಕಲಸುವುದು ಅವನ ಕೆಲಸ. ಉಗುರುಗಳು ಸದಾ ನೀಲಿ. ಕಲಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ತುತ್ತ ಹೆಚ್ಚಾಗಿದೆ ಎಂದರ್ಥ. ಇನ್ನಷ್ಟು ಸುಣ್ಣ ಸುರಿಯುತ್ತಿದ್ದ.

ಆ ವರ್ಷ ಮೊದಲ ಮಳೆ ಗುಡ್ಡದ ಕೊಳೆಯನ್ನೆಲ್ಲ ಒರತೆಗೆ ಇಳಿಸಿತು. ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಎರಡು ದಿನಗಳೊಳಗೆ ಇಬ್ಬರು ವಾಂತಿಭೇದಿಯಾಗಿ ಸತ್ತರು. ಬಾಯಾರಿದರೂ ತಂಬಿಗೆ ಎತ್ತಲು ಎಲ್ಲರಿಗೂ ಹೆದರಿಕೆ. ನೀರಿಗೆ ಯಾರೋ ವಿಷ ಹಾಕಿದ್ದಾರೆಂಬ ಗುಸುಗುಸು ಎದ್ದಿತು. ಆಗ ನಾನು ಒಂದು ಮಾತು ಆಡಿದೆ... “ಮೇಸ್ತ್ರಿ ಈ ಒರತೆ ನೀರು ಕುಡಿದಿದ್ದು ನಾನಂತೂ ಕಂಡಿಲ್ಲ.”

ಅಷ್ಟೇ ಸಾಕಾಯಿತು. ಮರುದಿನ ಬೆಳಗ್ಗೆ ಅವನನ್ನು ಒರತೆಯ ಬಳಿಗೆ ಎಳೆದು ತಂದರು.

“ಉಗುರು ನೋಡಿ ಮಾರಾಯ್ರೆ, ಇನ್ನೆಂತ ಸಾಕ್ಷಿ ಬೇಕು?” ಎಂದು ಒಬ್ಬ ಕೂಗಿದ.

ಮೇಸ್ತ್ರಿ ತನ್ನ ಕತ್ತಿಯನ್ನು ನೀರಿನಲ್ಲಿ ಬಹಳ ಹೊತ್ತು ಅದ್ದಿ ಹಿಡಿದು, ನನ್ನ ಕಡೆ ಚಾಚಿದ. “ರೈಟ್ರೇ, ನೀವೇ ನೋಡಿ ಹೇಳಿ. ಕೆಂಪು ಹತ್ತಿದ್ಯಾ? ಇದ್ರಲ್ಲಿ ತುತ್ತ ಇಲ್ಲ, ರೋಗ ಉಂಟು. ನನ್ನ ಹೆಂಡ್ತಿ ಇಂಥದೇ ನೀರು ಕುಡ್ದು ಹೋದ್ಲು. ಅದಕ್ಕೇ ನಾನು ಕಾಸಿ ಕುಡಿಯೋದು. ನೀವೂ ಕಾಸಿ ಕುಡೀರಿ.”

ಅಲಗು ಬೆಳ್ಳಗೇ ಇತ್ತು. ನಾನು ಕಂಡೆ.

“ತುತ್ತ ಇಲ್ದಿದ್ರೆ ಕುಡಿ ಮತ್ತೆ! ಎಂತಕ್ಕೆ ಹೆದರ್ತೀಯ?” ಎಂದ ಸತ್ತವನೊಬ್ಬನ ಅಣ್ಣ. ತಂಬಿಗೆ ತುಂಬಿ ನನ್ನ ಕೈಗೆ ತುರುಕಿದ. “ರೈಟ್ರೇ ಕುಡಿಸ್ಲಿ. ಇಲ್ಲಾಂದ್ರೆ ಇವ್ರೂ ಅವನ ಪೈಕಿಯೇ.”

ಸುತ್ತಲೂ ನಿಂತವರ ಕೈಯಲ್ಲೂ ಕತ್ತಿಗಳಿದ್ದವು. ‘ಕೆಂಪು ಹತ್ತಿಲ್ಲ’ ಎಂಬ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು... ತಂಬಿಗೆ ಚಾಚಿದೆ. ಅವನು ನನ್ನ ಮುಖ ನೋಡುತ್ತಲೇ ಕುಡಿದ.

ಮೂರನೆಯ ದಿನ ಅವನಿಗೂ ವಾಂತಿಭೇದಿ ಹಿಡಿಯಿತು, ಸಂಜೆಗೆ ತೀರಿಕೊಂಡ. ಪೀಡೆ ಕಳೆಯಿತೆಂದು ಜನ ಧೈರ್ಯದಿಂದ ಅದೇ ನೀರು ಕುಡಿಯತೊಡಗಿದರು. ಆಮೇಲೆ ಮತ್ತೆ ಮೂವರು ಸತ್ತರು. ಕಥೆ ಹೇಳುವವರು ಆ ಮೂವರನ್ನು ಬಿಟ್ಟೇಬಿಡುತ್ತಾರೆ.

ತಾಲ್ಲೂಕು ಕಚೇರಿಯಲ್ಲಿ ಆ ವರ್ಷದ ಮರಣದ ರಿಜಿಸ್ಟರ್ ಇದೆ. ಹೋದ ವಾರ ನೋಡಿ ಬಂದೆ; ಯಾರು ಬೇಕಾದರೂ ನೋಡಬಹುದು. ಒಂದೇ ಪುಟದಲ್ಲಿ ಆರು ಹೆಸರುಗಳು, ಅವನದು ಮೂರನೆಯದು. ಆರಕ್ಕೂ ಬರೆದ ಕಾರಣ ವಾಂತಿಭೇದಿ. ಸುದ್ದಿ ತಿಳಿಸಿದವನ ರುಜು, ಆರು ಕಡೆಯೂ, ನನ್ನದು. ಲೈನೆಲ್ಲ ವಿಷ ಎನ್ನುತ್ತಿದ್ದಾಗ ನಾನು ಬರೆಸಿದ್ದು ವಾಂತಿಭೇದಿ ಎಂದೇ. ಬಾಯಿಬಿಟ್ಟು ಹೇಳಲು ಇಷ್ಟು ವರ್ಷ ಬೇಕಾಯಿತು, ಕೇಳಬೇಕಾದವನು ಇಲ್ಲ.